ಅಂಗಡಿಯಿಂದ ಮರೆಯಾದ ಬಣ್ಣವನ್ನು ಮರಳಿ ಪಡೆಯುವ ಬಗೆ: ಮಾದರಿ ರೈಲು ಕಿಟ್ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಅಮೆರಿಕದಿಂದ ಊರಿಗೆ ಮರಳಿದ ನಮ್ಮ ಬಂಧುಗಳೊಬ್ಬರು ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಗೆ ಬಂದು, ಇನ್ನೂ ಮುಚ್ಚಳ ತೆರೆಯದ ಮರದ ಕಿಟ್ಟೊಂದನ್ನು ನನ್ನ ಕೈಗಿತ್ತರು. ಅದು 1:87 ಅಳತೆಯ (ನಿಜವಾದದ್ದರ ಎಂಬತ್ತೇಳರಲ್ಲಿ ಒಂದು ಪಾಲಿನ), ಅಂದರೆ ಎಚ್‌ಒ ಮಾದರಿಯ, ಒಂದು ಚಿಕ್ಕ ಹಳ್ಳಿ ನಿಲ್ದಾಣ. ಪೆಟ್ಟಿಗೆಯೊಳಗಿನ ಸೂಚನಾ ಹಾಳೆಯಲ್ಲಿ ಗೋಡೆಗೆ ಡಿಪೋ ಬಫ್ (ಮಾಸಲು ಹಳದಿಗಂದು), ಛಾವಣಿಗೆ ರೂಫ್ ಬ್ರೌನ್ (ಕಂದು), ಚಿಮಣಿಗೆ ಗ್ರೈಮಿ ಬ್ಲ್ಯಾಕ್ (ಕೊಳೆ ಹಿಡಿದಂತಹ ಕಪ್ಪು) ಹಚ್ಚಬೇಕೆಂದು ಬರೆದಿತ್ತು. ಮೂರೂ ಫ್ಲೋಕ್ವಿಲ್ ಕಂಪನಿಯ ಬಣ್ಣಗಳು. ಕಿಟ್ ನನ್ನ ಮೇಜಿನ ಮೇಲೆ ಬಂದು ಕುಳಿತ ಹೊತ್ತಿಗೆ ಆ ಕಂಪನಿಯ ಒಂದು ಸೀಸೆಯೂ ಹೊಸದಾಗಿ ತಯಾರಾಗುತ್ತಿರಲಿಲ್ಲ.

ಮೊದಲ ಆರು ತಿಂಗಳು ನಾನು ಸೀಸೆಗಳನ್ನೇ ಹುಡುಕಿದೆ. ಆ ಕಾಲವನ್ನು ಹೆಚ್ಚುಕಡಿಮೆ ವ್ಯರ್ಥ ಮಾಡಿದೆನೆಂದೇ ಈಗ ಅನಿಸುತ್ತದೆ, ಏಕೆಂದರೆ ನನಗೆ ಬೇಕಾಗಿದ್ದುದು ಆ ಹೆಸರಿನ ಸೀಸೆಯಲ್ಲ, ಆ ಸೀಸೆ ಗೋಡೆಯ ಮೇಲೆ ಬಿಟ್ಟುಹೋಗುತ್ತಿದ್ದ ಬಣ್ಣ. ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಕಲಿತ ಮೇಲೆ ಕೆಲಸ ಸುಲಭವಾಯಿತು. ಮೈಸೂರು, ಮಂಡ್ಯದಂತಹ ಊರುಗಳಲ್ಲಿ ಕುಳಿತು, ವಿದೇಶಿ ಅಂಗಡಿಗಳ ನೇರ ಸಂಪರ್ಕವಿಲ್ಲದೆ ಕಿಟ್ ಕಟ್ಟುವವರಿಗೆ ನೆರವಾಗಲೆಂದು ಆ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಸೂಚನಾ ಹಾಳೆಯನ್ನು ಸರಿಯಾಗಿ ಓದುವುದು

ಹಾಳೆಯಲ್ಲಿರುವ ಬಣ್ಣದ ಹೆಸರು, ಸಂಖ್ಯೆ ಮತ್ತು ಕಂಪನಿ, ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದೇ ಹೆಸರು ಎರಡು ಕಂಪನಿಗಳಲ್ಲಿ ಎರಡು ಬೇರೆ ಬಣ್ಣಗಳಾಗಿರುವುದು ಸಾಮಾನ್ಯವಾದ್ದರಿಂದ ಹೆಸರೊಂದೇ ಸಾಲದು. ಒಂದೇ ಬಣ್ಣ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಸಂಖ್ಯೆ ಹೊತ್ತಿರುವುದೂ ಉಂಟು. ಫ್ಲೋಕ್ವಿಲ್‌ನ ಗ್ರೈಮಿ ಬ್ಲ್ಯಾಕ್ ಹಳೆಯ ಹಾಳೆಗಳಲ್ಲಿ ಆರ್13 ಎಂದಿದ್ದರೆ, ಫ್ಲೋಕ್ವಿಲ್ ಟೆಸ್ಟರ್ಸ್ ಎಂಬ ಕಂಪನಿಯ ಕೈಸೇರಿದ ಕಾಲದ ಸೀಸೆಗಳಲ್ಲಿ 110013 ಎಂದಾಯಿತು. ಹಾಗೆಯೇ ಆರ್10 ಆಗಿದ್ದ ಎಂಜಿನ್ ಬ್ಲ್ಯಾಕ್ 110010 ಆಯಿತು, ಆರ್11 ಆಗಿದ್ದ ರೀಫರ್ ವೈಟ್ 110011 ಆಯಿತು. ಕೊನೆಯ ಎರಡು ಅಂಕಿಗಳು ಉಳಿದುಕೊಂಡಿರುವುದನ್ನು ಗಮನಿಸಿದರೆ ಹಳೆಯ ಹಾಳೆಯನ್ನೂ ಹೊಸ ಪಟ್ಟಿಯನ್ನೂ ಹೊಂದಿಸಿ ಓದಬಹುದು.

ಹೆಸರಿನ ಅರ್ಥವನ್ನೂ ವಿಚಾರಿಸಬೇಕು. ರೀಫರ್ ಎಂದರೆ ಹಣ್ಣು, ಮಾಂಸಗಳನ್ನು ಮಂಜುಗಡ್ಡೆಯಿಟ್ಟು ಸಾಗಿಸುತ್ತಿದ್ದ ಶೈತ್ಯಬೋಗಿ. ರೀಫರ್ ವೈಟ್ ಎಂಬುದು ಆ ಬೋಗಿಗೆ ಹಚ್ಚುತ್ತಿದ್ದ ಸಾದಾ ಬಿಳಿ ಮಾತ್ರ, ಅದಕ್ಕಾಗಿ ಊರೂರು ಅಲೆಯಬೇಕಾಗಿಲ್ಲ. ಬಾಕ್ಸ್‌ಕಾರ್ ರೆಡ್ ಎಂಬುದು ಮುಚ್ಚಿದ ಸರಕು ಬಂಡಿಗಳ ಕೆಂಪು. ಅದರ ಮೂಲದಲ್ಲಿರುವುದು ಅಗ್ಗವಾಗಿ, ಹೇರಳವಾಗಿ ಸಿಗುತ್ತಿದ್ದ ಕಬ್ಬಿಣದ ಆಕ್ಸೈಡ್. ನಮ್ಮ ಹಳೆಯ ಮೈಸೂರಿನ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿರುವುದೂ ಅದೇ ವಸ್ತು, ಮಂಡ್ಯದ ಕಡೆಯ ಕೆಮ್ಮಣ್ಣಿಗೆ ಕೆಂಪು ತಂದಿರುವುದೂ ಅದೇ. ಅಮೆರಿಕದ ಸರಕು ಬಂಡಿಯ ಬಣ್ಣವು ನಮ್ಮ ಅಜ್ಜಿಯ ಮನೆಯ ಪಡಸಾಲೆಯ ನೆಲದ ಬಣ್ಣಕ್ಕೆ ಹತ್ತಿರದ ಸಂಬಂಧಿ ಎಂದು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಬಣ್ಣಗಳು ನಿಂತುಹೋದದ್ದು ಹೇಗೆ

ಇದನ್ನು ಸಂಕ್ಷೇಪವಾಗಿ ತಿಳಿದಿದ್ದರೆ ಸಾಕು. ಫ್ಲೋಕ್ವಿಲ್ ಬಣ್ಣಗಳು ತೀಕ್ಷ್ಣ ದ್ರಾವಕಗಳಲ್ಲಿ ಕಲಸಿದವು; ಅದರ ಜೊತೆಗಾರನಾದ ಪಾಲಿ ಸ್ಕೇಲ್ ನೀರಿನಲ್ಲಿ ಕರಗುವ ಅಕ್ರಿಲಿಕ್. ಎರಡೂ ಟೆಸ್ಟರ್ಸ್ ಕಂಪನಿಯ ಕೈಸೇರಿ, 2013ರಲ್ಲಿ ಒಟ್ಟಿಗೆ ನಿಂತವು. ಅದಾದ ಕೆಲವು ವರ್ಷಗಳಿಗೆ ಅದೇ ಕಂಪನಿಯ ಮಾಡೆಲ್ ಮಾಸ್ಟರ್ ಬಣ್ಣಗಳೂ ನಿಂತವು. ಇದಕ್ಕಿಂತ ಮೊದಲು ಅಕ್ಯುಪೇಂಟ್ ಎಂಬ ಇನ್ನೊಂದು ರೈಲು ಬಣ್ಣದ ಸಾಲು ಕಣ್ಮರೆಯಾಗಿತ್ತು. ಬ್ರಿಟನ್ನಿನ ಹಂಬ್ರೋಲ್ 2006ರಲ್ಲಿ ಹಾರ್ನ್‌ಬಿ ಕಂಪನಿಗೆ ಸೇರಿ ಇಂದಿಗೂ ನಡೆಯುತ್ತಿದೆಯಾದರೂ ಅದರ ಹಲವು ಹಳೆಯ ಸಂಖ್ಯೆಗಳು ಪಟ್ಟಿಯಿಂದ ಬಿದ್ದುಹೋಗಿವೆ. ಕೆಲವೊಮ್ಮೆ ಸೀಸೆ ಉಳಿದರೂ ಒಳಗಿನ ವರ್ಣದ್ರವ್ಯ ಬದಲಾಗಿರುತ್ತದೆ. ಸೀಸದ ಕ್ರೋಮೇಟಿನಿಂದ ಬರುತ್ತಿದ್ದ ಹಳದಿ ಮತ್ತು ಕಿತ್ತಳೆಗಳು ಇದಕ್ಕೆ ಮುಖ್ಯ ಉದಾಹರಣೆ. ಭಾರತದಲ್ಲಿಯೂ ಮನೆಬಳಕೆಯ ಮತ್ತು ಅಲಂಕಾರಿಕ ಪೇಂಟುಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಹೀಗಾಗಿ ಅದೇ ಹೆಸರಿನ ಹೊಸ ಡಬ್ಬಿ ಸಿಕ್ಕಿತೆಂದು ಪರೀಕ್ಷಿಸದೆ ಹಚ್ಚಬಾರದು.

ಎರಡನೆಯ ಹೆಜ್ಜೆ: ಯಾವುದು ನಿಖರವಾಗಿರಬೇಕೆಂದು ತೀರ್ಮಾನಿಸುವುದು

ಪಟ್ಟಿಯಲ್ಲಿರುವ ಎಲ್ಲ ಬಣ್ಣಗಳೂ ಸಮಾನ ಶ್ರಮ ಬೇಡುವುದಿಲ್ಲ. ಈಗಾಗಲೇ ಹಳೆಯ ಬಣ್ಣ ಹಚ್ಚಿರುವ ಎಂಟು ಬೋಗಿಗಳ ಸಾಲಿಗೆ ಒಂಬತ್ತನೆಯದನ್ನು ಸೇರಿಸುತ್ತಿದ್ದರೆ, ಅಥವಾ ಅರ್ಧ ಕಟ್ಟಿದ ಕಿಟ್ಟಿನ ಉಳಿದ ಗೋಡೆಗೆ ಬಣ್ಣ ಹುಡುಕುತ್ತಿದ್ದರೆ ಹೊಂದಿಕೆ ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಪಕ್ಕದಲ್ಲಿಯೇ ಹೋಲಿಕೆ ಕಾದಿರುತ್ತದೆ. ಒಂದು ರೈಲ್ವೆಯ ಗುರುತಾಗಿರುವ ಬಣ್ಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂಟಿಯಾಗಿ ನಿಲ್ಲುವ ನಿಲ್ದಾಣ, ಗೋದಾಮು, ನೀರಿನ ತೊಟ್ಟಿ, ಹಳಿಯ ತುಕ್ಕು, ಕಲ್ಲಿದ್ದಲಿನ ಮಸಿ ಇವುಗಳಿಗೆ ಹತ್ತಿರದ ಬಣ್ಣ ಧಾರಾಳವಾಗಿ ಸಾಕು. ನಿಜವಾದ ಕಟ್ಟಡವೂ ಬಿಸಿಲು ಮಳೆಗೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಬಣ್ಣ ಬದಲಿಸುತ್ತಲೇ ಇರುತ್ತದೆ. ನನ್ನ ನಿಲ್ದಾಣದ ಮೂರು ಬಣ್ಣಗಳಲ್ಲಿ ಡಿಪೋ ಬಫ್ ಒಂದನ್ನು ಮಾತ್ರ ನಾನು ನಿಖರವಾಗಿ ಹಿಡಿಯಲು ಯತ್ನಿಸಿದೆ. ಉಳಿದೆರಡಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ.

ಮೂರನೆಯ ಹೆಜ್ಜೆ: ಹಳೆಯ ಸೀಸೆಗಾಗಿ ಒಂದು ಮಿತಿಯ ಹುಡುಕಾಟ

ಸೀಸೆಯ ಹುಡುಕಾಟವನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೊಂದು ಗಡುವು ಹಾಕಿಕೊಳ್ಳಿ ಎನ್ನುತ್ತೇನೆ. ಹವ್ಯಾಸ ಬಿಟ್ಟವರ ಸಂಗ್ರಹ, ಹಳೆಯ ವಿಮಾನ ಮಾದರಿಗಾರರ ಪೆಟ್ಟಿಗೆ, ಬೆಂಗಳೂರಿನ ಹವ್ಯಾಸ ಸಾಮಗ್ರಿಯ ಅಂಗಡಿಗಳ ಹಿಂಬದಿಯ ಕಪಾಟು, ಇವುಗಳನ್ನು ಒಮ್ಮೆ ವಿಚಾರಿಸುವುದು ತಕ್ಕದ್ದು. ಆದರೆ ವಿದೇಶದಿಂದ ಹಳೆಯ ಫ್ಲೋಕ್ವಿಲ್ ಅಥವಾ ಎನಾಮಲ್ (ದ್ರಾವಕದಲ್ಲಿ ತೆಳುವಾಗುವ ಎಣ್ಣೆಬಣ್ಣ) ತರಿಸುವ ಯೋಚನೆಯಲ್ಲಿ ಒಂದು ದೊಡ್ಡ ತೊಡಕಿದೆ. ಅವು ಬೆಂಕಿ ಹತ್ತುವ ದ್ರವಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಕಳಿಸುವಂತಿಲ್ಲ, ಪ್ರಯಾಣಿಕರು ಚೀಲದಲ್ಲಿ ತರುವಂತೆಯೂ ಇಲ್ಲ. ಬರುವ ನೆಂಟರಿಗೆ ‘ಎರಡು ಸೀಸೆ ಹಾಕಿಕೊಂಡು ಬನ್ನಿ’ ಎಂದು ಹೇಳಿ ಅವರನ್ನು ಸಂಕಟಕ್ಕೆ ಸಿಕ್ಕಿಸಬೇಡಿ. ಬ್ರಿಟನ್ನಿನ ಫೀನಿಕ್ಸ್ ಪ್ರಿಸಿಷನ್‌ನಂತಹ ರೈಲು ಬಣ್ಣದ ಎನಾಮಲ್‌ಗಳಿಗೂ, ಅಸಿಟೋನ್ ಆಧಾರಿತ ಟ್ರೂ-ಕಲರ್ ಬಣ್ಣಗಳಿಗೂ ಇದೇ ತೊಡಕು ಎದುರಾಗುತ್ತದೆ. ನೀರಿನ ಆಧಾರದ ಅಕ್ರಿಲಿಕ್‌ಗಳಿಗೆ ಈ ಅಡ್ಡಿ ಇಲ್ಲ.

ಅದೃಷ್ಟವಶಾತ್ ಹಳೆಯ ಸೀಸೆಯೊಂದು ಕೈಗೆ ಸಿಕ್ಕರೆ ಮೊದಲು ಮುಚ್ಚಳ ತೆರೆದು ವಾಸನೆ ನೋಡಿ. ಪಾಲಿ ಸ್ಕೇಲ್‌ನಂತಹ ಅಕ್ರಿಲಿಕ್ ಕೊಳೆತ ವಾಸನೆ ಬೀರುತ್ತಿದ್ದರೆ, ಅಥವಾ ರಬ್ಬರಿನ ಮುದ್ದೆಯಂತೆ ಗಟ್ಟಿಯಾಗಿದ್ದರೆ ಅದನ್ನು ಉಳಿಸುವ ದಾರಿಯಿಲ್ಲ. ಬರಿದೇ ಮಂದವಾಗಿದ್ದರೆ ಬಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಸೇರಿಸಿ ನೋಡಬಹುದು. ದ್ರಾವಕದ ಬಣ್ಣಗಳು ಹೆಚ್ಚು ಗಟ್ಟಿಜೀವಿಗಳು. ತಳದಲ್ಲಿ ಕೆಸರಾಗಿ ಕೂತ ವರ್ಣದ್ರವ್ಯವನ್ನು ಚಪ್ಪಟೆ ಕಡ್ಡಿಯಿಂದ ತಾಳ್ಮೆಯಿಂದ ಮೇಲೆತ್ತಿ, ಆಮೇಲೆ ತಕ್ಕ ದ್ರಾವಕ ಸೇರಿಸಿದರೆ ದಶಕಗಳ ಹಿಂದಿನದೂ ಮರಳಿ ಬರುವುದುಂಟು. ಮೇಲ್ಪದರದ ಕೆನೆಯನ್ನು ಒಳಗೆ ಕಲಕಬಾರದು, ಅಂಚಿನಿಂದ ಕತ್ತರಿಸಿ ತೆಗೆದುಬಿಡಬೇಕು. ಉಳಿದದ್ದನ್ನು ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಬೇಕು. ಅಲ್ಲಾಡಿಸಲು ಗುಂಡು ಹಾಕುವುದಾದರೆ ತುಕ್ಕು ಹಿಡಿಯದ ಉಕ್ಕಿನದೇ ಆಗಿರಲಿ.

ಫ್ಲೋಕ್ವಿಲ್ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಅದರ ಹಳೆಯ ದ್ರಾವಕ ಬರಿಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮೈಯನ್ನು ತಿಂದು ಬಿರುಕು ಬಿಡಿಸುತ್ತದೆ. ಇದಕ್ಕೆಂದೇ ಆ ಕಂಪನಿ ಬ್ಯಾರಿಯರ್ ಎಂಬ ತಡೆಪದರವನ್ನು ಪ್ರತ್ಯೇಕವಾಗಿ ಮಾರುತ್ತಿತ್ತು. ಆದ್ದರಿಂದ ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಸ್ಪ್ರೂ ಕಡ್ಡಿಯ ಮೇಲೆ ಒಂದು ಗೀಟು ಹಚ್ಚಿ, ಒಂದು ರಾತ್ರಿ ಬಿಟ್ಟು ನೋಡಿದ ನಂತರವೇ ಮುಂದುವರಿಯಿರಿ. ಹಳೆಯ ಹಳದಿ, ಕಿತ್ತಳೆ ಸೀಸೆಗಳಲ್ಲಿ ಸೀಸ ಇರಬಹುದೆಂದು ಎಣಿಸಿ, ಆ ಬಣ್ಣವನ್ನು ಉಜ್ಜುಕಾಗದದಿಂದ ಒಣದಾಗಿ ತಿಕ್ಕಬೇಡಿ. ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಇರದಿರಲಿ.

ಸೀಸೆಯಲ್ಲಿ ಕಾಲು ಭಾಗ ಮಾತ್ರ ಉಳಿದಿದ್ದರೆ ಅದನ್ನು ಮಾದರಿಗೆ ಹಚ್ಚಿ ಮುಗಿಸಬೇಡಿ. ಒಂದು ಬಿಳಿ ಪ್ಲಾಸ್ಟಿಕ್ ಚೂರಿಗೆ ಎರಡು ಪದರ ಹಚ್ಚಿ ಒಣಗಿಸಿ, ಮಾದರಿ ಚೀಟಿಯಾಗಿ ಎತ್ತಿಡಿ. ಇನ್ನು ಮುಂದಿನ ಎಲ್ಲ ಕೆಲಸಕ್ಕೂ ಆ ಚೂರೇ ಆಧಾರ.

ನಾಲ್ಕನೆಯ ಹೆಜ್ಜೆ: ಬಣ್ಣದ ಸಾಕ್ಷ್ಯ ಕಲೆಹಾಕುವುದು

ಸೀಸೆ ಸಿಗಲಿಲ್ಲವೆಂದರೆ ಬಣ್ಣಕ್ಕೆ ಬೇರೆ ಸಾಕ್ಷಿ ಬೇಕು. ಅತ್ಯುತ್ತಮವಾದದ್ದು ಅದೇ ಬಣ್ಣ ಹಚ್ಚಿದ ಹಳೆಯ ಮಾದರಿ. ಅದರಲ್ಲಿಯೂ ಬೆಳಕು ಬೀಳದ ಅಡಿಭಾಗ ಅಥವಾ ಛಾವಣಿಯ ಒಳಮೈ. ಎರಡನೆಯದು ಕಂಪನಿಯೇ ಮುದ್ರಿಸಿದ ಬಣ್ಣದ ಚೀಟಿ, ಆದರೆ ಅದು ಬಣ್ಣದಲ್ಲಿ ಅದ್ದಿ ತೆಗೆದ ಚೀಟಿಯಾಗಿದ್ದರೆ ಮಾತ್ರ ನಂಬಬಹುದು. ಮುದ್ರಣದ ಶಾಯಿಯ ಚೀಟಿಯೂ ಮೊಬೈಲ್ ಪರದೆಯ ಚಿತ್ರವೂ ಅಂದಾಜಿಗಷ್ಟೇ ಸಾಕು.

ಮೂರನೆಯದು, ಹಲವರು ಮರೆಯುವಂಥದ್ದು, ಸಾರ್ವಜನಿಕ ಬಣ್ಣ ಮಾನಕಗಳು. ಕಂಪನಿ ಮುಚ್ಚಬಹುದು, ಮಾನಕ ಉಳಿಯುತ್ತದೆ. ಜರ್ಮನಿಯ ರಾಲ್ ಪದ್ಧತಿ 1927ರಲ್ಲಿ 40 ಬಣ್ಣಗಳಿಂದ ಆರಂಭವಾಯಿತು. ಇಂದಿನ ಜರ್ಮನ್ ರೈಲ್ವೆಯ ಎಂಜಿನ್ನುಗಳ ಕೆಂಪು ರಾಲ್ 3020. ಬ್ರಿಟನ್ನಿಗೆ ಬಿಎಸ್ 381ಸಿ ಇದೆ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬುದರ ಐದಂಕಿಯ ಸಂಖ್ಯೆಯನ್ನು ಓದಲು ಕಲಿಯುವುದು ಬಹಳ ಉಪಯುಕ್ತ. ಅದರ ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 1 ಎಂದರೆ ಪೂರ್ಣ ಹೊಳಪು, 2 ಅರೆ ಹೊಳಪು, 3 ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಎರಡನೆಯ ಅಂಕಿ ಬಣ್ಣದ ಕುಟುಂಬವನ್ನು ಹೇಳುತ್ತದೆ: 0 ಕಂದು, 1 ಕೆಂಪು, 2 ಕಿತ್ತಳೆ, 3 ಹಳದಿ, 4 ಹಸಿರು, 5 ನೀಲಿ, 6 ಬೂದು, 7 ಕಪ್ಪು ಬಿಳುಪು ಮೊದಲಾದ ಇತರೆ ಬಣ್ಣಗಳು. ಹೀಗಾಗಿ 17038 ಮತ್ತು 37038 ಒಂದೇ ಕಪ್ಪು, ಹೊಳಪು ಮಾತ್ರ ಬೇರೆ. ಭಾರತದಲ್ಲಿ ಇದೇ ಕೆಲಸ ಮಾಡುವ ಮಾನಕ ಐಎಸ್ 5. ಅದರಲ್ಲಿ 446 ರೆಡ್ ಆಕ್ಸೈಡ್, 537 ಸಿಗ್ನಲ್ ರೆಡ್, 356 ಗೋಲ್ಡನ್ ಯೆಲ್ಲೋ, 631 ಲೈಟ್ ಗ್ರೇ. ಕೈಗಾರಿಕಾ ಪೇಂಟ್ ಮಾರುವ ಅಂಗಡಿಗಳಲ್ಲಿ ಈ ಸಂಖ್ಯೆ ಹೇಳಿದರೆ ವಿವರಣೆಯೇ ಬೇಕಾಗುವುದಿಲ್ಲ.

ನಾಲ್ಕನೆಯ ಸಾಕ್ಷಿ ನಿಜವಾದ ವಸ್ತು. ಭಾರತೀಯ ಮಾದರಿ ಕಟ್ಟುವ ನಮಗೆ ಮೈಸೂರಿನಲ್ಲಿ ಇದು ಕೈಗೆಟಕುವ ದೂರದಲ್ಲಿದೆ. 1979ರಲ್ಲಿ ಆರಂಭವಾದ, ಕೃಷ್ಣರಾಜಸಾಗರ ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್ನುಗಳನ್ನೂ 1899ರ ಮಹಾರಾಣಿ ಸಲೂನನ್ನೂ ಹತ್ತಿರದಿಂದ ನೋಡಬಹುದು. ಆದರೆ ಒಂದು ವಿವೇಚನೆ ಅಗತ್ಯ: ಪ್ರದರ್ಶನಕ್ಕಿಟ್ಟ ವಾಹನಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಇಂದು ಕಾಣುವ ಹೊಳಪಿನ ಹಸಿರೋ ಕೆಂಪೋ ಅದು ಓಡುತ್ತಿದ್ದ ಕಾಲದ್ದೇ ಎಂದು ತೀರ್ಮಾನಿಸಬಾರದು. ನಾನು ಅಲ್ಲಿ ಬಣ್ಣಕ್ಕಿಂತ ಹೆಚ್ಚಾಗಿ, ಕಬ್ಬಿಣ ಎಲ್ಲಿ ತುಕ್ಕು ಹಿಡಿಯುತ್ತದೆ, ಎಣ್ಣೆಯ ಕಪ್ಪು ಎಲ್ಲಿ ಇಳಿಯುತ್ತದೆ ಎಂಬುದನ್ನು ನೋಡುತ್ತೇನೆ. ಚಿತ್ರ ತೆಗೆಯುವಾಗ ಚೌಕಟ್ಟಿನೊಳಗೆ ಒಂದು ಬೂದು ಚೀಟಿ ಹಿಡಿದಿರಿ. ಮೊಬೈಲಿನ ಕ್ಯಾಮೆರಾ ಬಿಳಿಯನ್ನು ತನಗೆ ತೋಚಿದಂತೆ ತಿದ್ದುತ್ತದೆ. ಆ ಚೀಟಿಯ ಆಧಾರದಿಂದ ಮನೆಯಲ್ಲಿ ಸರಿಪಡಿಸಿಕೊಳ್ಳಬಹುದು.

ಐದನೆಯ ಹೆಜ್ಜೆ: ಸಮಾನ ಬಣ್ಣಗಳ ಪಟ್ಟಿಯನ್ನು ಅನುಮಾನದಿಂದ ಬಳಸುವುದು

ಒಂದು ಕಂಪನಿಯ ಸಂಖ್ಯೆಗೆ ಇನ್ನೊಂದರ ಯಾವ ಸಂಖ್ಯೆ ಸಮ ಎಂದು ತಿಳಿಸುವ ಪಟ್ಟಿಗಳು ಹಲವಿವೆ. ಅವು ಒಳ್ಳೆಯ ಆರಂಭ, ಆದರೆ ಅಂತಿಮ ತೀರ್ಪಲ್ಲ. ಎ ಬಣ್ಣಕ್ಕೆ ಬಿ ಹತ್ತಿರ, ಬಿ ಬಣ್ಣಕ್ಕೆ ಸಿ ಹತ್ತಿರ ಎಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರುತ್ತ ಹೋದರೆ, ಪ್ರತಿ ಹಾರಿಕೆಯ ಸಣ್ಣ ತಪ್ಪು ಕೂಡಿಕೊಂಡು ಕೊನೆಗೆ ಕಂದು ಹೋಗಿ ಕೆಂಪು ನಿಲ್ಲುತ್ತದೆ. ಮೂಲ ಬಣ್ಣದಿಂದ ಒಂದೇ ಹಾರಿಕೆ ಇರಲಿ. ನಮ್ಮಲ್ಲಿ ಹವ್ಯಾಸದ ಅಂಗಡಿಗಳಿಂದ ತರಿಸಲು ಸಾಧ್ಯವಾದ ತಮಿಯಾ ಮತ್ತು ವ್ಯಾಲೆಹೋ ಬಣ್ಣಗಳ ಮಟ್ಟಿಗೆ ಹೇಳುವುದಾದರೆ, ಗ್ರೈಮಿ ಬ್ಲ್ಯಾಕ್ ಇದ್ದ ಕಡೆ ತಮಿಯಾ ಎಕ್ಸ್‌ಎಫ್-69 ನ್ಯಾಟೋ ಬ್ಲ್ಯಾಕ್ ಅಥವಾ ವ್ಯಾಲೆಹೋ 70.862 ಬ್ಲ್ಯಾಕ್ ಗ್ರೇ ಬಳಸಿ ನೋಡುವುದು ಯೋಗ್ಯ. ಎಂಜಿನ್ ಬ್ಲ್ಯಾಕ್, ರೀಫರ್ ವೈಟ್‌ಗಳಿಗೆ ಯಾವ ಕಂಪನಿಯ ಸಾದಾ ಕಪ್ಪು ಬಿಳುಪಾದರೂ ಆದೀತು. ಇಷ್ಟರಲ್ಲಿಯೇ ನಿಮ್ಮ ಪಟ್ಟಿಯ ಅರ್ಧ ಮುಗಿದಿರುತ್ತದೆ.

ಆರನೆಯ ಹೆಜ್ಜೆ: ಬೆರೆಸುವುದು

ಉಳಿದರ್ಧಕ್ಕೆ ಬೆರಕೆಯೇ ದಾರಿ, ಮತ್ತು ಈ ಕೆಲಸದ ಸಾರವೆಲ್ಲ ಇಲ್ಲಿಯೇ ಇದೆ.

ಮೊದಲು ಒಂದೇ ಕಂಪನಿಯ, ಒಂದೇ ಸಾಲಿನ ಬಣ್ಣಗಳಲ್ಲಿ ಬೆರೆಸಿ. ತಮಿಯಾ ಅಕ್ರಿಲಿಕ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಳುಮಾಡಬಹುದು. ಅದೇ ಆಲ್ಕೊಹಾಲನ್ನು ವ್ಯಾಲೆಹೋಗೆ ಹಾಕಿದರೆ ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಎರಡೂ ‘ಅಕ್ರಿಲಿಕ್’ ಎಂದು ಬರೆದುಕೊಂಡಿವೆ ಎಂದ ಮಾತ್ರಕ್ಕೆ ಒಂದೇ ಬಟ್ಟಲಿಗೆ ಸುರಿಯಬಾರದು.

ಮಾದರಿ ಬಣ್ಣಗಳೇ ಸಿಗದ ಊರಿನಲ್ಲಿದ್ದರೆ ಚಿತ್ರಕಲಾ ಸಾಮಗ್ರಿಯ ಅಂಗಡಿಯ ಅಕ್ರಿಲಿಕ್ ಟ್ಯೂಬುಗಳು ಕೈಹಿಡಿಯುತ್ತವೆ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂತಹ ಸಂಸ್ಥೆ ಇರುವ ಮೈಸೂರಿನಲ್ಲಿ ಇವುಗಳಿಗೆ ಕೊರತೆಯಿಲ್ಲ. ಒಳ್ಳೆಯ ಟ್ಯೂಬುಗಳ ಹಿಂಬದಿಯಲ್ಲಿ ವರ್ಣದ್ರವ್ಯದ ಅಂತರರಾಷ್ಟ್ರೀಯ ಸಂಕೇತ ಮುದ್ರಿತವಾಗಿರುತ್ತದೆ, ಹೆಸರಿಗಿಂತ ಅದನ್ನು ನಂಬಿ. ಪಿಆರ್101 ಕಬ್ಬಿಣದ ಕೆಂಪು ಆಕ್ಸೈಡ್, ಪಿವೈ42 ಅದರ ಹಳದಿ ರೂಪ, ಪಿಬಿಆರ್7 ಸಿಯೆನ್ನಾ ಮತ್ತು ಅಂಬರ್ ಮಣ್ಣುಗಳು, ಪಿಡಬ್ಲ್ಯು6 ಟೈಟಾನಿಯಂ ಬಿಳಿ, ಪಿಬಿಕೆ11 ಕಬ್ಬಿಣದ ಕಪ್ಪು. ಈ ಐದು ಟ್ಯೂಬುಗಳಿಂದ ಹಳೆಯ ರೈಲ್ವೆ ಬಣ್ಣಗಳಲ್ಲಿ ಹೆಚ್ಚಿನವನ್ನು ಹಿಡಿಯಬಹುದೆಂಬುದು ನನ್ನ ಅನುಭವ. ಬಂಡಿ, ನಿಲ್ದಾಣ, ಗೋದಾಮುಗಳಿಗೆ ಹಿಂದಿನವರು ಹಚ್ಚುತ್ತಿದ್ದ ಬಣ್ಣಗಳಲ್ಲಿ ಬಹುಪಾಲು ಈ ಮಣ್ಣಿನ ಬಣ್ಣಗಳೇ ಆಗಿದ್ದವು. ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆಂದು ಮಾರುವ ರೆಡ್ ಆಕ್ಸೈಡ್ ಪುಡಿಯನ್ನು ಮಾತ್ರ ಬಣ್ಣದೊಳಗೆ ಕಲಸಬೇಡಿ, ಅದರ ಕಣ ದಪ್ಪ. ಒಣ ಕುಂಚದಿಂದ ಬಂಡಿಯ ಚಕ್ರ, ಹಳಿಗಳ ಬದಿಗೆ ಧೂಳಿನಂತೆ ತಟ್ಟಲು ಅದು ಸೊಗಸಾಗಿ ಒದಗುತ್ತದೆ.

ಅಳತೆ ಹನಿಗಳಲ್ಲಿರಲಿ, ಸಾಧ್ಯವಾದರೆ ತೂಕದಲ್ಲಿ. ಗ್ರಾಮಿನ ನೂರನೆಯ ಭಾಗ ತೋರಿಸುವ ಪುಟ್ಟ ಆಭರಣದ ತಕ್ಕಡಿ ಈಗ ದುಬಾರಿಯೇನಲ್ಲ. ಹನಿಯ ಗಾತ್ರ ಬಣ್ಣದ ಸಾಂದ್ರತೆಯೊಂದಿಗೆ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಆರು ತಿಂಗಳ ನಂತರ ಅದೇ ಬಣ್ಣ ಮತ್ತೆ ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಯಾವಾಗಲೂ ತಿಳಿಯಾದ ಬಣ್ಣದಿಂದ ಆರಂಭಿಸಿ, ಗಾಢವಾದುದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಬಿಳಿಗೆ ಒಂದು ಹನಿ ಕಪ್ಪು ಬಿದ್ದರೆ ಸಾಕು, ಬಣ್ಣ ತಿರುಗಿಬಿಡುತ್ತದೆ. ಕಪ್ಪಿಗೆ ಬಿಳಿ ಸುರಿಯಲು ಹೋದರೆ ಬಟ್ಟಲು ತುಂಬಿದರೂ ಬೂದು ತಿಳಿಯಾಗುವುದಿಲ್ಲ.

ನಾನು ಬಳಸುವ ಮೂರು ಆರಂಭದ ಅಳತೆಗಳನ್ನು, ತಮಿಯಾ ಬಣ್ಣಗಳಲ್ಲಿ, ಇಲ್ಲಿ ಕೊಡುತ್ತೇನೆ. ಇವನ್ನು ಸಿದ್ಧ ಸೂತ್ರವೆಂದು ಭಾವಿಸದೆ, ಅಲ್ಲಿಂದ ನಿಮ್ಮ ಕಣ್ಣಿನಿಂದ ತಿದ್ದಿಕೊಳ್ಳಬೇಕು. ಬಾಕ್ಸ್‌ಕಾರ್ ಕೆಂಪಿಗೆ ಎಕ್ಸ್‌ಎಫ್-64 ರೆಡ್ ಬ್ರೌನ್ ಮೂರು ಭಾಗ, ಎಕ್ಸ್‌ಎಫ್-7 ಫ್ಲ್ಯಾಟ್ ರೆಡ್ ಒಂದು ಭಾಗ. ಗ್ರೈಮಿ ಬ್ಲ್ಯಾಕ್‌ಗೆ ಎಕ್ಸ್‌ಎಫ್-1 ಫ್ಲ್ಯಾಟ್ ಬ್ಲ್ಯಾಕ್ ಆರು ಭಾಗ, ಎಕ್ಸ್‌ಎಫ್-2 ಫ್ಲ್ಯಾಟ್ ವೈಟ್ ಒಂದೂವರೆ ಭಾಗ, ಎಕ್ಸ್‌ಎಫ್-64 ಒಂದು ಭಾಗ. ಡಿಪೋ ಬಫ್‌ಗೆ ಎಕ್ಸ್‌ಎಫ್-59 ಡೆಸರ್ಟ್ ಯೆಲ್ಲೋ ಎರಡು ಭಾಗ, ಎಕ್ಸ್‌ಎಫ್-2 ಒಂದು ಭಾಗ, ಆಮೇಲೆ ಕಡ್ಡಿಯ ತುದಿಯಲ್ಲಿ ಎದ್ದಷ್ಟು ಎಕ್ಸ್‌ಎಫ್-64.

ಈ ಮೂರನೆಯದು ನನಗೆ ಒಂದು ಪಾಠ ಕಲಿಸಿತು. ಬಟ್ಟಲಿನಲ್ಲಿ ಬಣ್ಣ ಚೀಟಿಗೆ ಸರಿಯಾಗಿ ಹೊಂದಿತೆಂದು ಸಂತೋಷಪಟ್ಟು, ಅದೇ ಸಂಜೆ ನಿಲ್ದಾಣದ ಎರಡು ಗೋಡೆಗಳಿಗೆ ಹಚ್ಚಿದೆ. ಬೆಳಗ್ಗೆ ನೋಡಿದರೆ ಗೋಡೆಗಳು ಒಂದು ಛಾಯೆ ಗಾಢವಾಗಿದ್ದವು. ಅಕ್ರಿಲಿಕ್ಕಿನ ಬಂಧಕ ಹಸಿಯಾಗಿರುವಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಹಾಗಾಗಿ ಬಣ್ಣ ಗಾಢವಾಗುತ್ತದೆ. ಅಂದಿನಿಂದ ಹಸಿ ಬಣ್ಣವನ್ನು ಹೋಲಿಸಿ ತೀರ್ಮಾನ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ಪ್ರತಿ ಬೆರಕೆಯನ್ನೂ ಪರೀಕ್ಷಾ ಚೀಟಿಗೆ ಹಚ್ಚಿ, ಅಕ್ರಿಲಿಕ್ ಆದರೂ ಒಂದು ರಾತ್ರಿ, ಎನಾಮಲ್ ಆದರೆ ಪೂರ್ತಿ ಎರಡು ದಿನ ಒಣಗಲು ಬಿಡಿ.

ಪರೀಕ್ಷಾ ಚೀಟಿಗೆ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿಕೊಂಡು, ಮಾದರಿಗೆ ಹಚ್ಚುವ ಅದೇ ಪ್ರೈಮರನ್ನು ಅದಕ್ಕೂ ಹಚ್ಚಬೇಕು. ಚೀಟಿಯ ನಡುವೆ ಕಪ್ಪು ಪೆನ್ನಿನಿಂದ ಒಂದು ಗೆರೆ ಎಳೆದು ಅದರ ಮೇಲೆ ಬಣ್ಣ ಹಚ್ಚಿ. ಗೆರೆ ಕಾಣದಂತಾಗಲು ಎಷ್ಟು ಪದರ ಬೇಕಾಯಿತೋ ಮಾದರಿಗೂ ಅಷ್ಟೇ ಪದರ ಬೇಕು. ಮರದ ಕಿಟ್ ಆದರೆ ಬಣ್ಣಕ್ಕೆ ಮೊದಲು ಮರದ ಎರಡೂ ಬದಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ತೆಳು ಪದರ ಕೊಡಿ. ಇಲ್ಲದಿದ್ದರೆ ನೀರಿನ ಬಣ್ಣ ಹೀರಿ ಹಲಗೆ ಸೊಟ್ಟಗಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಅರಗಿಗೂ ನಮ್ಮ ಊರಿಗೂ ಹಳೆಯ ನಂಟಿದೆ: ಚುನಾವಣೆಯ ಅಳಿಸದ ಶಾಯಿಯಿಂದ ದೇಶಕ್ಕೆಲ್ಲ ಪರಿಚಿತವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿಯೇ ಶುರುವಾದದ್ದು.

ಹೋಲಿಕೆಯನ್ನು ಬೆಳಗ್ಗೆ ಹತ್ತು ಗಂಟೆಯ ಮೇಲೆ, ನೇರ ಬಿಸಿಲು ಬೀಳದ ಉತ್ತರ ದಿಕ್ಕಿನ ಕಿಟಕಿಯ ಬಳಿ ಮಾಡಿ. ಎರಡು ಚೀಟಿಗಳ ಅಂಚು ಒಂದಕ್ಕೊಂದು ತಾಗುವಂತೆ ಹಿಡಿದು, ಕಣ್ಣನ್ನು ಕಿರಿದುಗೊಳಿಸಿ ನೋಡಿ. ಅಂಚಿನ ಗೆರೆ ಮಾಯವಾದರೆ ಹೊಂದಿಕೆ ಸಿದ್ಧಿಸಿದೆ ಎಂದರ್ಥ. ಹೊಳಪು ಬೇರೆಯಾಗಿದ್ದರೆ ಕಣ್ಣು ಮೋಸ ಹೋಗುತ್ತದೆ, ಏಕೆಂದರೆ ಹೊಳಪಿನ ಮೈ ಮ್ಯಾಟ್ ಮೈಗಿಂತ ಗಾಢವಾಗಿ ಕಾಣುತ್ತದೆ. ಎರಡೂ ಚೀಟಿಗಳ ಅರ್ಧಕ್ಕೆ ಒಂದೇ ವಾರ್ನಿಷ್ ಹಚ್ಚಿದರೆ ಈ ತೊಂದರೆ ತಪ್ಪುತ್ತದೆ. ಕಣ್ಣನ್ನು ನಂಬಲಾಗದಿದ್ದರೆ ಎರಡನ್ನೂ ಒಟ್ಟಿಗೆ ಮೇಜಿನ ಸ್ಕ್ಯಾನರಿನ ಮೇಲಿಟ್ಟು, ಒಂದೇ ಚಿತ್ರವಾಗಿ ತೆಗೆದು, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡರ ಲ್ಯಾಬ್ (Lab) ಅಂಕಿಗಳನ್ನು, ಅಂದರೆ ಬಣ್ಣದ ತಿಳಿವು-ಗಾಢತೆ ಮತ್ತು ಛಾಯೆಯನ್ನು ಹೇಳುವ ಮೂರು ಅಂಕಿಗಳನ್ನು, ಓದಿ. ಆ ಅಂಕಿಗಳ ಒಟ್ಟು ಅಂತರ ಸುಮಾರು 2ರೊಳಗೆ ಬಂದರೆ ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಇಷ್ಟಾದ ಮೇಲೆ ಅದೇ ಎರಡು ಚೀಟಿಗಳನ್ನು ನಿಮ್ಮ ರೈಲು ಮೇಜಿನ ದೀಪದ ಕೆಳಗೂ ಹಿಡಿದು ನೋಡಿ. ಹಗಲಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಎಲ್‌ಇಡಿ ಬೆಳಕಿನಲ್ಲಿ ಬೇರೆಯಾಗುವುದುಂಟು, ಏಕೆಂದರೆ ಅವುಗಳೊಳಗಿನ ವರ್ಣದ್ರವ್ಯಗಳು ಬೇರೆ. ಹಾಗಾದಾಗ ಯಾವ ಬೆಳಕಿನಲ್ಲಿ ಮಾದರಿಯನ್ನು ನೋಡುತ್ತೀರೋ ಆ ಬೆಳಕಿನ ಹೊಂದಿಕೆಯನ್ನೇ ಆರಿಸಿಕೊಳ್ಳಿ.

ಅಂಗಡಿಯ ಯಂತ್ರ ಮತ್ತು ಕಾರಿನ ಪೇಂಟ್

ಗೋಡೆಯ ಪೇಂಟ್ ಮಾರುವ ಅಂಗಡಿಗಳ ಬಣ್ಣ ಬೆರೆಸುವ ಯಂತ್ರ ಹಲವರಿಗೆ ಆಕರ್ಷಕವಾಗಿ ಕಾಣುತ್ತದೆ. ಗೋಡೆಯ ಎಮಲ್ಷನ್ನಿನ ಪದರ ದಪ್ಪ. ಮಾದರಿಯ ಹಲಗೆಗಳ ನಡುವಿನ ಸೂಕ್ಷ್ಮ ಗೆರೆಗಳನ್ನು ಅದು ಮುಚ್ಚಿಬಿಡುತ್ತದೆ. ಮೇಜಿನ ನೆಲಕ್ಕೆ, ಹಿನ್ನೆಲೆಯ ಆಕಾಶಕ್ಕೆ ಅದನ್ನು ಬಳಸಿ, ಕಿಟ್ಟಿಗೆ ಬೇಡ. ಕಾರಿನ ಬಣ್ಣ ಬೆರೆಸಿಕೊಡುವ ಅಂಗಡಿಗಳ ಪೇಂಟ್ ಬಹಳ ನಯವಾದದ್ದು, ಮಾದರಿ ಚೀಟಿ ಕೊಟ್ಟರೆ ಹೊಂದಿಸಿಯೂ ಕೊಡುತ್ತಾರೆ. ಕನಿಷ್ಠ ಎಷ್ಟು ಪ್ರಮಾಣ ಕೊಡುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಅದರ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಆದ್ದರಿಂದ ಒಳ್ಳೆಯ ಪ್ರೈಮರಿನ ಮೇಲೆ, ಏರ್‌ಬ್ರಷ್ಷಿನಿಂದ ಮಂಜಿನಂತೆ ತೆಳುವಾಗಿ ಹಾಯಿಸಬೇಕು. ಹಿತ್ತಾಳೆಯ ಎಂಜಿನ್ ಕಿಟ್ಟುಗಳಿಗೆ ಇದಕ್ಕಿಂತ ಉತ್ತಮ ಆಯ್ಕೆ ನನಗೆ ಕಂಡಿಲ್ಲ.

ಏಳನೆಯ ಹೆಜ್ಜೆ: ಅಳತೆಗೆ ತಕ್ಕಂತೆ ತಿಳಿಗೊಳಿಸುವುದು

ಮಾನಕದ ಸಂಖ್ಯೆಯಿಂದ ಅಥವಾ ನಿಜವಾದ ಬೋಗಿಯಿಂದ ಬಣ್ಣ ಹಿಡಿದಿದ್ದರೆ ಮಾತ್ರ ಈ ಹೆಜ್ಜೆ ಬೇಕು. 1:87ರ ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಬೋಗಿಯನ್ನು 87 ಮೀಟರ್ ದೂರದಿಂದ ನೋಡಿದಂತೆ. ನಡುವಿನ ಗಾಳಿಯಿಂದ ದೂರದ ಬಣ್ಣ ತಿಳಿಯಾಗಿ ಕಾಣುತ್ತದೆ. ಮನೆಯೊಳಗಿನ ದೀಪವೂ ಹಗಲಿನಷ್ಟು ಪ್ರಖರವಲ್ಲ. ಆದ್ದರಿಂದ ಬೆರಕೆಗೆ ನೂರರಲ್ಲಿ ಐದರಿಂದ ಹತ್ತು ಭಾಗ ಬಿಳಿ ಅಥವಾ ತಿಳಿ ಬೂದು ಸೇರಿಸುತ್ತೇನೆ. ಕೆಂಪಿಗೆ ಬಿಳಿ ಹಾಕಿದರೆ ಗುಲಾಬಿಯಾಗುವುದರಿಂದ ಅದಕ್ಕೆ ಕೆನೆ ಬಣ್ಣವನ್ನು ಸೇರಿಸುತ್ತೇನೆ. ಫ್ಲೋಕ್ವಿಲ್‌ನಂತಹ ಮಾದರಿ ಬಣ್ಣದ ಚೀಟಿಯನ್ನೇ ಹಿಡಿದು ಹೊಂದಿಸಿದ್ದರೆ ಇನ್ನಷ್ಟು ತಿಳಿಗೊಳಿಸಲು ಹೋಗಬೇಡಿ.

ಎಂಟನೆಯ ಹೆಜ್ಜೆ: ದಾಖಲಿಸಿಡುವುದು

ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ಬಣ್ಣ ಬೆರೆಸಿ, ಉಳಿದದ್ದನ್ನು ಗಾಜಿನ ಚಿಕ್ಕ ಸೀಸೆಯಲ್ಲಿ ಕತ್ತಿನವರೆಗೆ ತುಂಬಿಡಿ, ಏಕೆಂದರೆ ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಬಾಳಿಕೆ ಹೆಚ್ಚು. ಏಪ್ರಿಲ್, ಮೇ ತಿಂಗಳ ಸೆಕೆಗೆ ಕಿಟಕಿಯ ಮೇಲೆ ಸೀಸೆ ಇಡಬೇಡಿ. ಕುಂಚ ತೊಳೆದ ಥಿನ್ನರನ್ನು ಬಚ್ಚಲಿಗೆ ಸುರಿಯಬಾರದು. ಮುಚ್ಚಿದ ಡಬ್ಬಿಯಲ್ಲಿ ಬಣ್ಣ ತಳ ಸೇರಲು ಬಿಟ್ಟು, ಮೇಲಿನ ತಿಳಿಯನ್ನು ಮತ್ತೆ ತೊಳೆಯಲು ಬಳಸಬಹುದು. ನಾವು ಕುಡಿಯುವುದು ಕಾವೇರಿಯ ನೀರು, ಚರಂಡಿಗಳು ಕೊನೆಗೆ ಸೇರುವುದೂ ಅದೇ ನದಿಯ ಬಯಲನ್ನು.

ಪ್ರತಿ ಪರೀಕ್ಷಾ ಚೀಟಿಯ ಹಿಂಬದಿಯಲ್ಲಿ ಮೂಲ ಬಣ್ಣದ ಹೆಸರು ಮತ್ತು ಸಂಖ್ಯೆ, ಬೆರಕೆಯ ತೂಕ, ಪ್ರೈಮರ್, ಪದರಗಳ ಎಣಿಕೆ, ವಾರ್ನಿಷ್, ದಿನಾಂಕ, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ. ಗುರಿ ಮುಟ್ಟದ ಚೀಟಿಗಳನ್ನೂ ಎಸೆಯಬೇಡಿ. ಡಿಪೋ ಬಫ್‌ಗೆಂದು ನಾನು ಮಾಡಿದ ಹನ್ನೊಂದು ಬೆರಕೆಗಳಲ್ಲಿ ಏಳನೆಯದು ತೀರ ಹಳದಿಯೆಂದು ಬದಿಗಿಟ್ಟಿದ್ದೆ. ಮರುವರ್ಷ ಸುಣ್ಣ ಹಳೆಯದಾದ ಗೋದಾಮಿನ ಗೋಡೆಯೊಂದಕ್ಕೆ ಅದೇ ಒದಗಿತು. ಕೊನೆಗೆ ಒಪ್ಪಿಗೆಯಾದ ಬೆರಕೆಯ ವಿವರವನ್ನು ಒಂದು ಕಾಗದದ ಚೂರಿನಲ್ಲಿ ಬರೆದು ಆ ಮಾದರಿಯ ಅಡಿಪಾಯದ ಕೆಳಗೇ ಅಂಟಿಸಿಬಿಡಿ. ಮುಂದೆ ಯಾರ ಕೈಗೆ ಆ ನಿಲ್ದಾಣ ಹೋದರೂ, ಅದರ ಒಡೆದ ಮೂಲೆಗೆ ಹಚ್ಚಬೇಕಾದ ಬಣ್ಣ ಯಾವುದೆಂದು ಅದನ್ನು ತಿರುಗಿಸಿ ನೋಡಿದವರಿಗೆ ತಿಳಿಯುತ್ತದೆ.